ಚಕ್ರಪಾದುಕೆಯ ಪೂರ್ವಚರಿತ್ರೆ

ಕಳೆದ ಮಾಘಮಾಸದಲ್ಲಿ ಆರು ವರ್ಷದ ಮೊಮ್ಮಗನನ್ನು ಮೊದಲನೆಯ ಸಲ ರೋಲರ್ ಸ್ಕೇಟಿಂಗಿಗೆ ಕರೆದುಕೊಂಡು ಹೋಗುವ ಕೆಲಸವು ನನ್ನ ಪಾಲಿಗೆ ಬಂದಿತು. ಕಾಲಿಗೆ ಗಾಲಿಯ ಜೋಡು, ಮೊಣಕಾಲಿಗೂ ಮೊಣಕೈಗೂ ಮೆತ್ತೆ, ತಲೆಗೆ ಹೆಲ್ಮೆಟ್ಟು. ಇಷ್ಟನ್ನೂ ತೊಟ್ಟ ಬಾಲಕನು ಒಂದು ಕೈಯಿಂದ ಕಂಬಿಯನ್ನೂ ಇನ್ನೊಂದರಿಂದ ನನ್ನ ಕೈಯನ್ನೂ ಹಿಡಿದು ನಿಂತನು. ಎಲ್ಲಿ ಬೀಳುವನೋ ಎಂಬ ಭಯದಿಂದ ನಾನು ಆ ಕೈಯನ್ನು ಮೇಲಕ್ಕೆತ್ತಿ ಬಿಗಿಯಾಗಿ ಹಿಡಿದೆನು. ನಾಲ್ಕು ಹೆಜ್ಜೆಗಳಲ್ಲಿ ಅವನು ಮೂರು ಸಲ ಜಾರಿದನು. ಆಗ ಅಲ್ಲಿ ಕಲಿಸುವ ತರುಣನು ಬಂದು, “ಸಾರ್, ನೀವು ಮೇಲಕ್ಕೆಳೆದರೆ ಅವನ ಮೊಣಕಾಲು ಬಾಗುವುದಿಲ್ಲ, ಬಾಗದೆ ಹೋದರೆ ಅವನು ನಿಲ್ಲುವುದಿಲ್ಲ” ಎಂದನು. ಬಾಳೆಲ್ಲ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಮಾತು ನಾಟಿತು. ಈ ಆಟದ ಪೂರ್ವಚರಿತ್ರೆಯನ್ನು ತಿಳಿಯಬೇಕೆಂಬ ಕುತೂಹಲವು ಅಂದೇ ಹುಟ್ಟಿತು.

ಸ್ಕೇಟೆಂದು ಮಕ್ಕಳು ಕರೆಯುವ ಈ ಸಾಧನವನ್ನು ಚಕ್ರಪಾದುಕೆಯೆಂದರೆ ನಮ್ಮ ಕಿವಿಗೆ ಹಿತವಾದೀತು. ಇದರ ಚರಿತ್ರೆಯಲ್ಲಿ ಮೊದಲು ಕಾಣುವ ಪ್ರಸಿದ್ಧ ಪುರುಷನು ಜಾನ್ ಜೋಸೆಫ್ ಮೆರ್ಲಿನ್. ಈಗಿನ ಬೆಲ್ಜಿಯಮ್ ದೇಶದಲ್ಲಿರುವ ವೀ ಎಂಬ ಊರಿನಲ್ಲಿ 1735ರಲ್ಲಿ ಹುಟ್ಟಿದ ಈತನು 1760ರಲ್ಲಿ ಲಂಡನ್ನಿಗೆ ಬಂದು, ವಾದ್ಯಗಳನ್ನೂ ಯಂತ್ರಗಳನ್ನೂ ರಚಿಸುವುದರಲ್ಲಿ ಹೆಸರಾದನು. ಥಾಮಸ್ ಬಸ್ಬಿ ಎಂಬ ಸಂಗೀತಜ್ಞನು 1825ರಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ಈತನ ಕಥೆಯೊಂದು ಬಂದಿದೆ. ಸೋಹೋ ಭಾಗದ ಕಾರ್ಲೈಲ್ ಹೌಸಿನಲ್ಲಿ ನಡೆದ ವೇಷದ ಕೂಟಕ್ಕೆ ಮೆರ್ಲಿನ್ ಕಾಲಿಗೆ ಗಾಲಿಗಳನ್ನು ಕಟ್ಟಿಕೊಂಡು, ಪಿಟೀಲು ಬಾರಿಸುತ್ತ ಪ್ರವೇಶಿಸಿದನಂತೆ. ವೇಗವೇನೋ ಬಂದಿತು; ತಿರುಗುವ ಉಪಾಯವಾಗಲಿ ನಿಲ್ಲುವ ಉಪಾಯವಾಗಲಿ ಇರಲಿಲ್ಲ. ಐನೂರು ಪೌಂಡಿಗೂ ಮೇಲ್ಪಟ್ಟ ಬೆಲೆಯ ಕನ್ನಡಿಗೆ ಹೋಗಿ ಬಡಿದನು. ಕನ್ನಡಿಯೂ ಒಡೆಯಿತು, ಪಿಟೀಲೂ ಮುರಿಯಿತು, ಅವನಿಗೂ ಬಲವಾದ ಗಾಯವಾಯಿತು.

ಮುಂದೆ ಬಂದವರ ಕಷ್ಟವೂ ಬಹುಮಟ್ಟಿಗೆ ಇದೇ. 1819ರಲ್ಲಿ ಪ್ಯಾರಿಸಿನ ಪೆಟಿಬ್ಲೆ ಎಂಬುವನು ಮರದ ಅಡಿಹಲಗೆಗೆ ಸಾಲಾಗಿ ಗಾಲಿಗಳನ್ನು ಜೋಡಿಸಿ ಪೇಟೆಂಟು ಪಡೆದನು. 1823ರಲ್ಲಿ ಲಂಡನ್ನಿನ ರಾಬರ್ಟ್ ಜಾನ್ ಟೈಯರ್ಸ್ ಐದು ಗಾಲಿಗಳ ಸಾಲನ್ನು ಮಾಡಿದನು. 1849ರಲ್ಲಿ ಪ್ಯಾರಿಸಿನ ರಂಗದ ಮೇಲೆ ಮೇಯರ್‌ಬೇರನ ‘ಲ ಪ್ರೊಫೆಟ್’ ಎಂಬ ಗೀತನಾಟಕದಲ್ಲಿ ಹಿಮದ ಮೇಲೆ ಜಾರುವ ದೃಶ್ಯವನ್ನು ಗಾಲಿಗಳಿಂದಲೇ ತೋರಿಸಿದರು. ನೋಡಿದವರಿಗೆ ಆಸೆ ಹುಟ್ಟಿತು. ಆದರೆ ಸಾಮಾನ್ಯರು ಸುಲಭವಾಗಿ ಆಡುವಂತಹ ಸಾಧನವು ಇನ್ನೂ ಬಂದಿರಲಿಲ್ಲ.

ಅದನ್ನು ಒದಗಿಸಿದವನು ನ್ಯೂಯಾರ್ಕಿನ ಜೇಮ್ಸ್ ಲೆನರ್ಡ್ ಪ್ಲಿಂಪ್ಟನ್. 1863ರಲ್ಲಿ ಪೇಟೆಂಟು ಪಡೆದ ಅವನ ರಚನೆಯಲ್ಲಿ ಪಾದದ ಮುಂಭಾಗಕ್ಕೆ ಎರಡು, ಹಿಮ್ಮಡಿಗೆ ಎರಡು ಗಾಲಿಗಳು. ಅಚ್ಚಿಗೂ ಅಡಿಹಲಗೆಗೂ ನಡುವೆ ರಬ್ಬರಿನ ಮೆತ್ತೆ. ಆಡುವವನು ಮೈಯನ್ನು ಬಲಕ್ಕೆ ವಾಲಿಸಿದರೆ ರಬ್ಬರು ಆ ಕಡೆಗೆ ಒತ್ತಿಕೊಂಡು, ಅಚ್ಚುಗಳು ಓರೆಯಾಗಿ, ಗಾಲಿಗಳು ಬಲಕ್ಕೆ ತಿರುಗುವುವು. ಎಡಕ್ಕೆ ವಾಲಿದರೆ ಎಡಕ್ಕೆ. ಇಲ್ಲಿಯ ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಅಚ್ಚುಗಳನ್ನು ಬಿಗಿದಿದ್ದ ಕಾಲದಲ್ಲಿ ಯಾವ ವಾಲುವಿಕೆಯು ಮನುಷ್ಯನನ್ನು ಬೀಳಿಸುತ್ತಿದ್ದಿತೋ, ಅಚ್ಚುಗಳಿಗೆ ಸ್ವಲ್ಪ ಸಡಿಲು ಕೊಟ್ಟೊಡನೆ ಅದೇ ವಾಲುವಿಕೆಯು ಅವನಿಗೆ ದಾರಿ ತೋರಿಸಿತು. 1866ರಲ್ಲಿ ಪ್ಲಿಂಪ್ಟನ್ ನ್ಯೂಪೋರ್ಟ್ ಊರಿನ ಹೋಟೆಲೊಂದರಲ್ಲಿ ಆಟದ ಅಂಗಣವನ್ನು ತೆರೆದನು. ಆಟವು ಗೃಹಸ್ಥರ ವಿನೋದವಾಯಿತು. 1884ರಲ್ಲಿ ಲೆವಂಟ್ ರಿಚರ್ಡ್‌ಸನ್ ಗಾಲಿಗಳೊಳಗೆ ಉಕ್ಕಿನ ಗುಂಡುಗಳನ್ನು ಅಳವಡಿಸಿದ ಮೇಲೆ ಓಟವು ಇನ್ನೂ ಹಗುರವಾಯಿತು. ನಮ್ಮ ದೇಶದ ಮಕ್ಕಳೂ ಇದರಲ್ಲಿ ಹಿಂದೆ ಬಿದ್ದಿಲ್ಲ: 2023ರಲ್ಲಿ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡೆಗಳಲ್ಲಿ 3000 ಮೀಟರ್ ರಿಲೇಯಲ್ಲಿ ಭಾರತದ ಪುರುಷರ ತಂಡಕ್ಕೂ ಮಹಿಳೆಯರ ತಂಡಕ್ಕೂ ಕಂಚಿನ ಪದಕಗಳು ದೊರೆತವು.

ಇಷ್ಟನ್ನು ಓದಿಕೊಂಡು ಮಾರನೆಯ ವಾರ ಮತ್ತೆ ಅಂಗಣಕ್ಕೆ ಹೋದೆನು. ಬಿಗಿದ ಅಚ್ಚಿನಂತೆ ಇದ್ದುದು ನನ್ನ ಕೈಯೇ ಎಂಬುದು ಈಗ ಸ್ಪಷ್ಟವಾಗಿದ್ದಿತು. ಪಾಠಶಾಲೆಯಲ್ಲಿಯೂ ನನ್ನ ರೀತಿ ಅದೇ: ಬಾಲಕನು ಓದುವಾಗ ಒಂದು ಅಕ್ಷರ ತಪ್ಪಿದರೆ ವಾಕ್ಯದ ನಡುವೆಯೇ ತಡೆದು ತಿದ್ದುತ್ತಿದ್ದೆನು. ಅದನ್ನು ಶ್ರದ್ಧೆಯೆಂದು ಭಾವಿಸಿದ್ದೆನು. ತಡೆಯದಿದ್ದರೆ ಎಷ್ಟು ಮಂದಿ ತಮ್ಮ ತಪ್ಪನ್ನು ತಾವೇ ಕಂಡುಕೊಂಡು ವಾಕ್ಯವನ್ನು ಮುಗಿಸುತ್ತಿದ್ದರೋ ಹೇಳಲಾರೆನು. ಅವರಲ್ಲಿ ಕೆಲವರು ಮುಂದೆ ಗಟ್ಟಿಯಾಗಿ ಓದುವುದನ್ನೇ ಬಿಟ್ಟರು.

“ಬಿಡು ತಾತ” ಎಂದನು ಮೊಮ್ಮಗ. ಬಿಟ್ಟೆನು. ಅವನು ಮೊಣಕಾಲು ಬಾಗಿಸಿ, ಬಾತುಕೋಳಿಯಂತೆ ಅತ್ತಿತ್ತ ವಾಲುತ್ತ ಏಳೆಂಟು ಹೆಜ್ಜೆ ಹೋಗಿ, ಮೆತ್ತೆಯ ಮೇಲೆ ಮೊಣಕಾಲೂರಿ ಬಿದ್ದನು. ನನ್ನ ಕಾಲು ತಾನಾಗಿಯೇ ಮುಂದಕ್ಕೆ ಹೋಯಿತು, ಕಷ್ಟಪಟ್ಟು ನಿಲ್ಲಿಸಿದೆನು. ಅವನು ಒಮ್ಮೆ ನನ್ನ ಮುಖವನ್ನು ನೋಡಿ, ನಾನು ಬರುವುದಿಲ್ಲವೆಂದು ತಿಳಿದುಕೊಂಡು, ಎರಡು ಕೈಗಳನ್ನೂ ನೆಲಕ್ಕೂರಿ ಎದ್ದನು.