ರಯಟ್ ಆಕ್ಟ್ ಓದುವುದು

ಒಬ್ಬನನ್ನು ಕಟುವಾಗಿ ಗದರಿ, ಇನ್ನು ಮುಂದೆ ಹೀಗಾಗಕೂಡದೆಂದು ಎಚ್ಚರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ರಯಟ್ ಆಕ್ಟ್ ಓದುವುದು’ ಎಂಬ ನುಡಿಗಟ್ಟು ರೂಢಿಯಲ್ಲಿದೆ. ಒಂದನೆಯ ಜಾರ್ಜ್ ದೊರೆಯ ಆಳ್ವಿಕೆಯಲ್ಲಿ, 1715ರ ಆಗಸ್ಟ್ ತಿಂಗಳಿನಿಂದ ಜಾರಿಗೆ ಬಂದ ಆ ಗಲಭೆ ಕಾಯಿದೆಯಂತೆ, ಹನ್ನೆರಡು ಮಂದಿಯೋ ಅದಕ್ಕಿಂತ ಹೆಚ್ಚೋ ಜನ ಗುಂಪುಗೂಡಿ ದೊಂಬಿಗೆ ತೊಡಗಿದಲ್ಲಿ, ಮ್ಯಾಜಿಸ್ಟ್ರೇಟನು ಅವರ ಸಮೀಪಕ್ಕೆ ಹೋಗಿ, ಚದುರಬೇಕೆಂಬ ರಾಜಾಜ್ಞೆಯನ್ನು ಉಚ್ಚಸ್ವರದಲ್ಲಿ ಓದಬೇಕಾಗಿದ್ದಿತು. ಓದಿ ಒಂದು ಗಂಟೆ ಕಳೆದರೂ ಅಲ್ಲಿಯೇ ನಿಂತವರಿಗೆ ಅಂದಿನ ವಿಧಿ ಮರಣದಂಡನೆ. ಆಜ್ಞೆಯ ಕಡೆಯಲ್ಲಿ ಬರುವ ‘ದೇವರು ದೊರೆಯನ್ನು ಕಾಪಾಡಲಿ’ ಎಂಬ ವಾಕ್ಯ ಬಿಟ್ಟುಹೋದರೆ ಆ ಓದೇ ಅಸಿಂಧುವೆಂದು ನ್ಯಾಯಾಲಯ ತೀರ್ಪಿತ್ತದ್ದೂ ಉಂಟು. ಆದುದರಿಂದ ಬರಿಯ ಬೈಗುಳಕ್ಕೆ ಈ ಮಾತನ್ನು ಬಳಸುವುದು ಸಲ್ಲದು. ತಿದ್ದಿಕೊಳ್ಳದಿದ್ದರೆ ಶಿಕ್ಷೆ ಖಂಡಿತವೆಂಬ ಎಚ್ಚರಿಕೆಯೇ ಇದರ ಜೀವಾಳ.