ಕಂಠ: ದೈವದತ್ತವೋ, ಸಾಧಿತವೋ?

ಗಾಯಕನ ಕಂಠವು ದೈವದತ್ತವೆಂಬ ಮಾತು ನಮ್ಮಲ್ಲಿ ಬಹುಕಾಲದಿಂದ ರೂಢವಾಗಿದೆ. ಈ ಮಾತಿನಲ್ಲಿ ವಿನಯವುಂಟು; ಅದರೊಡನೆ ಒಂದು ಅಪಾಯವೂ ಉಂಟು. ಕಂಠವು ಕೇವಲ ದೈವದತ್ತವಾದರೆ ಅದು ಕೆಡುವುದೂ ದೈವೇಚ್ಛೆಯೇ ಆಗಬೇಕಾಗುತ್ತದೆ. ಹೇಗೆ ಕೆಟ್ಟಿತು, ಯಾರಿಂದ ಕೆಟ್ಟಿತು, ಮತ್ತೆ ಕಟ್ಟಬಹುದೇ ಎಂಬ ಪ್ರಶ್ನೆಗಳಿಗೆ ಆಗ ಎಡೆಯೇ ಉಳಿಯದು. ಈ ಪ್ರಶ್ನೆಗಳನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರೆಂಬುದನ್ನೂ, ಕನ್ನಡ ನಾಡಿನ ಮೂವರು ಗಾಯಕರ ಬಾಳು ಅವಕ್ಕೆ ಉತ್ತರ ಕೊಟ್ಟಿದೆಯೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಕ್ರಿ. ಶ. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿ ಶಾರ್ಙ್ಗದೇವನು 'ಸಂಗೀತರತ್ನಾಕರ'ವನ್ನು ರಚಿಸಿದನು. ಕಾಶ್ಮೀರದಿಂದ ದಕ್ಷಿಣಕ್ಕೆ ಬಂದು ನೆಲಸಿ, ರಾಜ್ಯದ ಶ್ರೀಕರಣದ, ಎಂದರೆ ಲೆಕ್ಕಪತ್ರಗಳ, ಹೊಣೆ ಹೊತ್ತ ಮನೆತನ ಅವನದು. ಲೆಕ್ಕಿಗರ ಮನೆಯ ಅಚ್ಚುಕಟ್ಟು ಗ್ರಂಥದಲ್ಲಿಯೂ ಕಾಣುತ್ತದೆ. 15ನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥನು ಇದಕ್ಕೆ 'ಕಲಾನಿಧಿ'ಯೆಂಬ ವ್ಯಾಖ್ಯಾನವನ್ನು ಬರೆದನು. ಹೀಗೆ ಈ ಗ್ರಂಥಕ್ಕೂ ನಮ್ಮ ನಾಡಿಗೂ ಇರುವ ನಂಟು ಹಳೆಯದು.

ಅಭ್ಯಾಸವಿಲ್ಲದೆಯೂ ರಾಗವನ್ನು ಪ್ರಕಟಿಸಬಲ್ಲ, ಶರೀರದೊಡನೆಯೇ ಹುಟ್ಟಿದ ಕಂಠಶಕ್ತಿಯನ್ನು ಶಾರ್ಙ್ಗದೇವನು 'ಶಾರೀರ'ವೆಂದು ಕರೆಯುತ್ತಾನೆ. ಒಳ್ಳೆಯ ಶಾರೀರವು ವಿದ್ಯಾದಾನ, ತಪಸ್ಸು, ಶಿವಭಕ್ತಿ, ಭಾಗ್ಯಗಳಿಂದ ಲಭಿಸುವುದೆನ್ನುತ್ತಾನೆ. ಇಷ್ಟಕ್ಕೇ ನಿಂತಿದ್ದರೆ ಅವನೂ ದೈವವಾದಿಯೇ ಸರಿ. ಆದರೆ ಅದೇ ಪ್ರಕೀರ್ಣಕಾಧ್ಯಾಯದಲ್ಲಿ ಅವನು ಗಾಯಕರ 25 ದೋಷಗಳನ್ನು ಎಣಿಸುತ್ತಾನೆ. ಹಲ್ಲು ಕಚ್ಚಿ ಹಾಡುವವನು 'ಸಂದಷ್ಟ', ಅರಚುವವನು 'ಉದ್ಘುಷ್ಟ', ಬಾಯನ್ನು ವಿಕಾರವಾಗಿ ತೆರೆಯುವವನು 'ಕರಾಲಿ', ಒಂಟೆಯಂತೆ ಕತ್ತು ಚಾಚುವವನು 'ಕರಭ', ಮುಖ ಕೊರಳುಗಳ ನರ ಉಬ್ಬಿಸುವವನು 'ಝೋಂಬಕ', ಸೋರೆಬುರುಡೆಯಂತೆ ಗಲ್ಲ ಉಬ್ಬಿಸುವವನು 'ತುಂಬಕಿ'. ಇವುಗಳಲ್ಲಿ ಬಹುಭಾಗವು ದೈವದ ತಪ್ಪುಗಳಲ್ಲ, ದೇಹವನ್ನು ಬಳಸುವ ರೀತಿಯ ತಪ್ಪುಗಳು, ಆದುದರಿಂದ ತಿದ್ದಿಕೊಳ್ಳಬಹುದಾದವು. ದವಡೆ, ಕತ್ತು, ಭುಜಗಳ ಬಿಗಿತವನ್ನು ಸಡಿಲಿಸಿರೆಂದು ಇಂದಿನ ಕಂಠತಜ್ಞರು ಹೇಳುವುದೂ ಇದನ್ನೇ.

ಆ ಕಾಲದವರು ದನಿಯ ಭೇದಗಳಿಗೆ ಕಫ ಪಿತ್ತ ವಾತಗಳನ್ನು ಕಾರಣವಾಗಿ ಹೇಳಿದರು. ವಾತಪ್ರಧಾನವಾದ 'ಬೊಂಬಕ'ವು ಹರಳುಗಿಡದ ಕಾಂಡದಂತೆ ಪೊಳ್ಳೆಂಬ ಹೋಲಿಕೆ ಸೊಗಸಾದುದೇ. ಆದರೆ ಕಂಠದ ಒಳಗನ್ನು ಅವರು ಕಂಡಿರಲಿಲ್ಲ. ಅದನ್ನು ಕಂಡು ವಿವರಿಸಿದ ಕೀರ್ತಿಯೂ ಒಬ್ಬ ಸಂಗೀತ ಶಿಕ್ಷಕನಿಗೇ ಸಲ್ಲುತ್ತದೆ. ಲಂಡನ್ನಿನಲ್ಲಿದ್ದ ಮ್ಯಾನುಯೆಲ್ ಗಾರ್ಸಿಯಾ ಪುಟ್ಟ ಕನ್ನಡಿಯೊಂದರ ನೆರವಿನಿಂದ ತನ್ನದೇ ಧ್ವನಿತಂತುಗಳ ಚಲನೆಯನ್ನು ನೋಡಿ, 1855ರಲ್ಲಿ ರಾಯಲ್ ಸೊಸೈಟಿಯ ಮುಂದೆ ನಿವೇದಿಸಿದನು. ಮಾತಾಡುವಾಗ ಈ ತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತವೆ. ಹಾಡುವಾಗ ಈ ಸಂಖ್ಯೆ ಎಷ್ಟೋ ಪಟ್ಟು ಏರಬಲ್ಲದು. ಗಂಟೆಗಟ್ಟಲೆ ನಡೆಯುವ ಈ ತಾಕಲಾಟದಲ್ಲಿ ಬಲಾತ್ಕಾರ ಸೇರಿದರೆ ತಂತುಗಳು ಊದಿ ಗಂಟು ಕಟ್ಟುವುದು ಆಶ್ಚರ್ಯವಲ್ಲ.

ಇನ್ನು ನಮ್ಮ ಗಾಯಕರ ವಿಚಾರ. ಕುಂದಗೋಳದ ರಾಮಭಾವು, ಅರ್ಥಾತ್ ಸವಾಯಿ ಗಂಧರ್ವರು (1886-1952), ಬಾಲ್ಯದಲ್ಲಿ ಇಂಪಾದ ಕಂಠವುಳ್ಳವರಾಗಿದ್ದರು. ಹರೆಯದಲ್ಲಿ ಕಂಠ ಒಡೆದಾಗ ಆ ಇಂಪು ಹೋಯಿತು. ಅಬ್ದುಲ್ ಕರೀಂ ಖಾನರಲ್ಲಿ ಪಡೆದ ಶಿಕ್ಷಣದ ಬಲದಿಂದ ಅವರು ಒರಟಾದ ಆ ಕಂಠವನ್ನೇ ಪಳಗಿಸಿದರು. ಕಚೇರಿಯ ಆರಂಭದಲ್ಲಿ ದನಿ ಕೂಡಲು ಹೊತ್ತು ಹಿಡಿಯುತ್ತಿತ್ತು. ಕೂಡಿದ ಮೇಲೆ ಕೇಳುಗರು ಕದಲುತ್ತಿರಲಿಲ್ಲ.

ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ (1913-2009) ಅವರ ಮೊದಲ ಧ್ವನಿಮುದ್ರಿಕೆಗಳು 1930ರ ದಶಕದಲ್ಲಿ 'ಗಾಂಧಾರಿ'ಯೆಂಬ ಹೆಸರಿನಲ್ಲಿ ಹೊರಬಂದವು. ಅವುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಸ್ತ್ರೀಕಂಠ. ಮುಂದೆ ಗಂಟಲಿನ ಚಿಕಿತ್ಸೆಯಾದ ಬಳಿಕ ಆ ದನಿ ಆಳಕ್ಕಿಳಿದು ಗಂಡುದನಿಯಂತಾಯಿತು. ಕಳೆದುಹೋದ ದನಿಯನ್ನು ಅವರು ಬಲವಂತದಿಂದ ಮರಳಿ ಕರೆಯಲಿಲ್ಲ. ಉಳಿದ ದನಿಗೆ ತಕ್ಕ ಶ್ರುತಿಯನ್ನು ಹಿಡಿದು, ಅದರಲ್ಲಿಯೇ ಗಾಂಭೀರ್ಯವನ್ನು ಸಾಧಿಸಿದರು. ಜಿಪುಣನು ಹಣವನ್ನು ವೆಚ್ಚಮಾಡುವಂತೆ ಸ್ವರಗಳನ್ನು ಬಿಡಬೇಕೆಂಬುದು ಗುರುವಿನ ಬೋಧೆಯೆಂದು ಅವರು ಹೇಳುತ್ತಿದ್ದರು. ರಾಗವಿಸ್ತಾರಕ್ಕೆ ಹೇಳಿದ ಈ ಮಾತು ಕಂಠದ ಆಯವ್ಯಯಕ್ಕೂ ಅಷ್ಟೇ ಸಲ್ಲುತ್ತದೆ.

ಮೂರನೆಯವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರಯ್ಯ ಕೋಮಕಾಳಿಮಠ, ಎಂದರೆ ಕುಮಾರ ಗಂಧರ್ವರು. ಅವರು ಬೆಳೆದುದು ಇದೇ ಮುಂಬಯಿಯಲ್ಲಿ, ಬಿ. ಆರ್. ದೇವಧರರ ಸಂಗೀತ ಶಾಲೆಯಲ್ಲಿ. ಪಾಶ್ಚಾತ್ಯ ಪದ್ಧತಿಯನ್ನೂ ಅಭ್ಯಸಿಸಿ, ಕಂಠಸಂಸ್ಕಾರವನ್ನು ಶಾಸ್ತ್ರವಾಗಿ ವಿಚಾರಮಾಡಿದ ಭಾರತೀಯರಲ್ಲಿ ದೇವಧರರು ಅಗ್ರಗಣ್ಯರು. ಕುಮಾರರಿಗೆ ಕ್ಷಯ ತಗುಲಿ, 1948ರಲ್ಲಿ ಅವರು ದೇವಾಸಕ್ಕೆ ತೆರಳಿದರು. ವರ್ಷಗಳ ಕಾಲ ಹಾಡುವುದು ನಿಷಿದ್ಧವಾಯಿತು. ಸ್ಟ್ರೆಪ್ಟೊಮೈಸಿನ್ ಅವರನ್ನು ಉಳಿಸಿತು. ಆದರೆ ಒಂದು ಶ್ವಾಸಕೋಶ ಬಹುಮಟ್ಟಿಗೆ ನಿರುಪಯುಕ್ತವಾಯಿತು. 1950ರ ದಶಕದಲ್ಲಿ ಮರಳಿ ವೇದಿಕೆಗೆ ಬಂದ ಅವರ ಗಾಯನದಲ್ಲಿ ಚಿಕ್ಕ ಚಿಕ್ಕ ಸ್ವರಪುಂಜಗಳೂ ಅರ್ಥವತ್ತಾದ ಮೌನಗಳೂ ಎದ್ದು ಕಂಡವು. ಕೊರತೆಯೇ ಶೈಲಿಯಾಯಿತೆನ್ನುವುದು ಅತಿಸರಳವಾದೀತು. ಕೊರತೆಯ ಗಡಿಯನ್ನರಿತ ಬುದ್ಧಿಯು ಶೈಲಿಯನ್ನು ಕಟ್ಟಿತೆಂದರೆ ಸತ್ಯಕ್ಕೆ ಹತ್ತಿರ.

ಈ ಮೂವರಲ್ಲಿ ಸಾಮಾನ್ಯವಾದುದು ಏನು? ಮೂವರೂ ಹುಟ್ಟಿನೊಡನೆ ಬಂದ ಕಂಠವನ್ನು ಒಂದಿಲ್ಲೊಂದು ಬಗೆಯಲ್ಲಿ ಕಳೆದುಕೊಂಡವರು. ನಾವಿಂದು ಸ್ಮರಿಸುವುದು ಅವರು ಆಮೇಲೆ ಕಟ್ಟಿಕೊಂಡ ಕಂಠವನ್ನು.

ಈ ಇತಿಹಾಸವು ಕೇವಲ ಹೆಮ್ಮೆಗಾಗಿ ಅಲ್ಲ. ಗೋರೆಗಾಂವಿನಿಂದ ಡೊಂಬಿವಲಿಯವರೆಗೆ ನಮ್ಮ ಮಕ್ಕಳು ಸಂಜೆ ಹಾರ್ಮೋನಿಯಂ ಮುಂದೆ ಕುಳಿತು ಕಲಿಯುತ್ತಾರೆ. ಗುರುವಿನ ಶ್ರುತಿಯೇ ಎಲ್ಲ ಶಿಷ್ಯರ ಶ್ರುತಿಯಾಗುವುದು ಅಪರೂಪವಲ್ಲ. ಕಂಠ ಒಡೆಯುತ್ತಿರುವ ಹುಡುಗನನ್ನು ತಾರಸ್ಥಾಯಿಗೆ ಎಳೆಯುವುದು, ಗಂಟಲು ಕಟ್ಟಿದಾಗಲೂ ಸಾಧನೆಯ ಹೆಸರಿನಲ್ಲಿ ಹಾಡಿಸುವುದು ಶಿಸ್ತಲ್ಲ, ಅಪವ್ಯಯ. ಬೊಗ್ಗುದನಿ ಮೂರು ನಾಲ್ಕು ವಾರ ಕಳೆದರೂ ಹೋಗದಿದ್ದರೆ ಕಷಾಯವನ್ನು ನಂಬಿ ಕೂರದೆ ಗಂಟಲಿನ ವೈದ್ಯರಿಗೆ ತೋರಿಸಬೇಕು. ಪಿಸುಮಾತು ವಿಶ್ರಾಂತಿಯಲ್ಲ, ಮೌನವೇ ವಿಶ್ರಾಂತಿ. ಹೊರನಾಡಿನ ನಮ್ಮ ಸಂಘಗಳು ಕಚೇರಿಗಳನ್ನು ಏರ್ಪಡಿಸುವಷ್ಟೇ ಆಸ್ಥೆಯಿಂದ ಹಿರಿಯ ಗುರುಗಳ ಸಾಧನಕ್ರಮವನ್ನೂ ಕೇಳಿ ಬರೆದಿಡಬೇಕು. ಶಾರ್ಙ್ಗದೇವನು ದೋಷಗಳ ಪಟ್ಟಿಯನ್ನು ಕೊಟ್ಟು ಏಳು ಶತಮಾನಗಳು ಸಂದಿವೆ. ಪರಿಹಾರಗಳ ಪಟ್ಟಿಯಾದರೋ ಇನ್ನೂ ಬಹುಮಟ್ಟಿಗೆ ಗುರುಗಳ ಬಾಯಲ್ಲಿಯೇ ಉಳಿದಿದೆ, ಅವರೊಡನೆಯೇ ಅಳಿಯುತ್ತಲೂ ಇದೆ.