ಮೇಷ್ಟ್ರನ್ನು ಕಟಕಟೆಗೆ ನಿಲ್ಲಿಸಿದ ಊರು

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದು ಕೊಡು ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಕೇಳಿದಾಗ ನನಗೆ ನೆನಪಾದದ್ದು ಅಮೆರಿಕದ ಡೇಟನ್. ಕಂಪನಿ ಕೆಲಸದ ಮೇಲೆ ಅಟ್ಲಾಂಟಾದಲ್ಲಿದ್ದಾಗ ಒಂದು ಶನಿವಾರ ಹೋಗಿ ನೋಡಿಬಂದ ಊರು. ಟೆನೆಸ್ಸಿ ರಾಜ್ಯದ ರೇ ಕೌಂಟಿಯ ಕೇಂದ್ರ. ನಮ್ಮ ತಾಲ್ಲೂಕು ಕೇಂದ್ರ ಇದ್ದ ಹಾಗೆ ಎನ್ನಿ. ನಡುವೆ 1891ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಕೋರ್ಟು, ಅದರ ಗೋಪುರ, ಸುತ್ತ ಮರಗಳ ನೆರಳು.

ಕಲ್ಲಿದ್ದಲು, ಕಬ್ಬಿಣದಿಂದ ಬೆಳೆದ ಊರದು. ಕುಲುಮೆ ಮುಚ್ಚಿತು, ಜನ ಗುಳೆ ಹೋದರು. 1925ರ ಮಾರ್ಚ್‌ನಲ್ಲಿ, ಮನುಷ್ಯ ಕೆಳವರ್ಗದ ಪ್ರಾಣಿಗಳಿಂದ ಬಂದವನೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸಬಾರದು ಎಂಬ ಕಾನೂನು ಬಂತು. ಅದನ್ನು ಪ್ರಶ್ನಿಸುವ ಶಿಕ್ಷಕರಿಗೆ ಬೆಂಬಲ ಕೊಡುವುದಾಗಿ ನಾಗರಿಕ ಹಕ್ಕುಗಳ ಸಂಘವೊಂದು ಪ್ರಕಟಿಸಿತು. ಡೇಟನ್ನಿನ ಹಿರಿಯರಿಗೆ ಇದರಲ್ಲಿ ಕಂಡದ್ದು ವ್ಯಾಪಾರ! ರಾಬಿನ್ಸನ್ನರ ಔಷಧಿ ಅಂಗಡಿಯಲ್ಲಿ ಕೂತು, 24 ವರ್ಷದ ಜಾನ್ ಸ್ಕೋಪ್ಸ್‌ನನ್ನು ಕರೆಸಿ, ಆರೋಪಿಯಾಗಲು ಒಪ್ಪಿಸಿದರು. ಆತ ಫುಟ್‌ಬಾಲ್ ಕೋಚು. ಜೀವಶಾಸ್ತ್ರದ ಶಿಕ್ಷಕರು ರಜೆ ಹಾಕಿದಾಗ ಪಾಠ ನೋಡಿಕೊಂಡವನು. ವಿಕಾಸವಾದವನ್ನು ಕಲಿಸಿದ್ದೇನೋ ಇಲ್ಲವೋ ಆತನಿಗೇ ಖಚಿತವಿರಲಿಲ್ಲ. ತಮಾಷೆಯೆಂದರೆ, ಆ ಪಠ್ಯಪುಸ್ತಕ ಮಾರುತ್ತಿದ್ದುದೂ ಅದೇ ಅಂಗಡಿಯಲ್ಲಿ. ರಾಬಿನ್ಸನ್ನರೇ ಶಾಲಾ ಮಂಡಳಿಯ ಅಧ್ಯಕ್ಷರು.

ಜುಲೈನಲ್ಲಿ ಊರು ಜಾತ್ರೆಯಾಯಿತು. ಮೂರು ಬಾರಿ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಬ್ರಯಾನ್ ಒಂದು ಕಡೆ, ಹೆಸರಾಂತ ವಕೀಲ ಡ್ಯಾರೋ ಇನ್ನೊಂದು ಕಡೆ. ಷಿಕಾಗೋ ರೇಡಿಯೋ ನೇರಪ್ರಸಾರ ಮಾಡಿತು. ಸೆಕೆಗೆ ಒಂದು ದಿನ ಕಲಾಪವೇ ಮರದಡಿಗೆ ಬಂತು. ಕೊನೆಗೆ 100 ಡಾಲರ್ ದಂಡ. ದಂಡ ನಿಗದಿ ಮಾಡಬೇಕಾದ್ದು ಜ್ಯೂರಿ, ನ್ಯಾಯಾಧೀಶರಲ್ಲ ಎಂಬ ಕಾರಣಕ್ಕೆ 1927ರಲ್ಲಿ ಮೇಲಿನ ಕೋರ್ಟು ತೀರ್ಪನ್ನು ರದ್ದು ಮಾಡಿತು, ಕಾನೂನು ಉಳಿಯಿತು. ಬ್ರಯಾನ್ ವಿಚಾರಣೆ ಮುಗಿದ ಐದೇ ದಿನಕ್ಕೆ ಅಲ್ಲೇ ತೀರಿಕೊಂಡರು. ಕೋರ್ಟಿನ ಅಂಗಳದಲ್ಲಿ ಅವರ ಪ್ರತಿಮೆ 2005ರಲ್ಲಿ ಬಂತು, ಡ್ಯಾರೋ ಅವರದು 2017ರಲ್ಲಿ.

ಕೋರ್ಟಿನ ನೆಲಮಾಳಿಗೆಯ ಮ್ಯೂಸಿಯಂ ನೋಡುವಾಗ ನಮ್ಮ ಒಂಬತ್ತನೇ ತರಗತಿಯೇ ಕಣ್ಣೆದುರು ಬಂತು. "ಸಾರ್, ನಿಮ್ಮ ಮುತ್ತಾತ ಕೋತಿಯಾ?" ಎಂದು ಹಿಂದಿನ ಬೆಂಚಿನಿಂದ ಕೇಳಿದವನು ನಾನೇ, ಈಗ ಒಪ್ಪಿಕೊಳ್ಳುತ್ತೇನೆ. ಮೇಷ್ಟ್ರು ಬೈಯಲಿಲ್ಲ. ಬೋರ್ಡಿನ ಮೇಲೆ ಮರ ಬರೆದು, ಕೋತಿ ಆ ಕೊಂಬೆ, ನೀನು ಈ ಕೊಂಬೆ, ಬುಡ ಒಂದೇ ಎಂದರು. ಅವರಿಗೆ ಡೇಟನ್ನಿನ ಫೋಟೋ ಕಳಿಸಿದೆ. "ಆ ಹುಡುಗ ಆಮೇಲೆ ಪಾಠ ಮಾಡಿದನೇನಪ್ಪಾ?" ಎಂದಷ್ಟೇ ಕೇಳಿದರು.

ಮಾಡಲಿಲ್ಲ. ಸ್ಕೋಪ್ಸ್ ಷಿಕಾಗೋದಲ್ಲಿ ಭೂವಿಜ್ಞಾನ ಓದಿ ತೈಲ ಕಂಪನಿ ಸೇರಿದ. ಆ ಕಾನೂನು ರದ್ದಾದದ್ದು 1967ರಲ್ಲಿ.